ಎಳೆಯದ ಗಾಡಿ

"ಅಮ್ಮಾ, ಟಾರ್ಚ್ ಸ್ವಲ್ಪ ಎಡಕ್ಕೆ. ಅಲ್ಲಲ್ಲ, ಪೈಪಿನ ಕೆಳಗೆ. ಹಾಂ, ಅಲ್ಲೇ."

ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದ ಮಗಳು ರಬ್ಬರ್ ಪೈಪಿನ ಕೊರಳಿಗೆ ಸೋಪಿನ ನೀರು ಚಿಮುಕಿಸಿ, ಉಸಿರು ಬಿಗಿಹಿಡಿದು ನೋಡಿದಳು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಬಾಯಿ ಕಟ್ಟಿ ಒಳಕ್ಕೆ ಗಾಳಿ ತುಂಬಿಸಿದ್ದರು. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ನೊರೆ ಏಳಬೇಕು. ಒಂದು ಗುಳ್ಳೆಯೂ ಏಳಲಿಲ್ಲ. ಮುಂದಿನ ಜೋಡಣೆಗೆ ಚಿಮುಕಿಸಿದಳು, ಅದರ ಮುಂದಿನದಕ್ಕೂ. ಸೋಪಿನ ನೀರು ಸುಮ್ಮನೆ ಇಳಿದು ನೆಲಕ್ಕೆ ತೊಟ್ಟಿಕ್ಕಿತು.

"ಎಲ್ಲೂ ಇಲ್ಲ. ಹಾಗಾದ್ರೆ ಬೂಸ್ಟ್ ಎಲ್ಲಿಗ್ ಹೋಗುತ್ತೆ, ಹೇಳು? ಟರ್ಬೊ ಊದುತ್ತೆ, ಪೈಪ್ ಸೋರಲ್ಲ, ಗಾಡಿ ಮಾತ್ರ ಎಳೆಯಲ್ಲ."

"ನಾಳೆ ನೋಡೋಣ ಬಿಡು ಮಗಾ. ಬೆನ್ನು ನೋಯಿಸ್ಕೋತೀಯ."

ತಾಯಿ ಟಾರ್ಚನ್ನು ಎಳ್ಳಷ್ಟೂ ಅಲುಗಾಡದಂತೆ ಹಿಡಿದಿದ್ದಳು. ಮಗಳು ಹುಡುಕುತ್ತಿದ್ದ ದೋಷ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬೆಳಕು ಬಿದ್ದ ಜಾಗದಿಂದ ಒಂದೆರಡು ಮೊಳ ಆಚೆ, ಡ್ಯಾಶ್‌ಬೋರ್ಡಿನ ಹಿಂದೆ, ವೈರುಗಳ ಕಟ್ಟಿನೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರ್ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವಳು ಅವಳೇ.

ಆ ಓಣಿಯಲ್ಲಿ ಅವಳನ್ನು ಎಲ್ಲರೂ ವೈರಮ್ಮ ಎಂದು ಕರೆಯುತ್ತಿದ್ದರು. ಗಾಡಿಗಳ ವೈರಿಂಗ್ ಮಾಡುವ ಹೆಂಗಸಿಗೆ ಯಾರೋ ತಮಾಷೆಗೆ ಇಟ್ಟ ಹೆಸರು, ಬರಬರುತ್ತಾ ಗ್ಯಾರೇಜಿನ ಬೋರ್ಡಿನ ಮೇಲೂ ಏರಿತ್ತು. "ಹೆಸರಲ್ಲಷ್ಟೇ ವೈರ, ಮನಸಲ್ಲಿ ಯಾರ ಮೇಲೂ ಇಲ್ಲ" ಎಂದು ಪಕ್ಕದ ಲೇತ್ ಅಂಗಡಿಯವನು ಹೊಸ ಗಿರಾಕಿಗಳಿಗೆಲ್ಲ ಹೇಳಿ, ಅವರಿಗಿಂತ ಮೊದಲು ತಾನೇ ನಗುತ್ತಿದ್ದ. ಮಗಳಿಗೆ ಅವನು ಚಿಕ್ಕಂದಿನಿಂದ ಲೇತ್ ಮಾವ. ಇಂಜಿನ್ ಕೆಲಸ ಗಂಡನದು, ವೈರು ಇವಳದು, ಕೊರೆಯುವುದು ಕಡೆಯುವುದು ಲೇತಿನವನದು. ಗಂಡ ಇರುವವರೆಗೆ ಬದುಕು ಹಾಗೆ ನಡೆದಿತ್ತು.

ಈ ಗಾಡಿ ಗಂಡನ ಹುಚ್ಚು. ಗುಜರಿಯಿಂದ ತಂದ ಟರ್ಬೊ ಕೂರಿಸಿ, ಲ್ಯಾಪ್‌ಟಾಪಿನಿಂದ ತಿದ್ದಬಹುದಾದ ಕಂಪ್ಯೂಟರ್ ಹಾಕಿ, ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಇಂಜಿನ್ನಿನೊಳಗೆ ಕಿಡಿ ಸರಿಯಾದ ಗಳಿಗೆಗೆ ಹತ್ತಿದರೆ ಗಾಡಿ ಹಾರುತ್ತದೆ. ಅದಕ್ಕಿಂತ ಒಂದು ಕೂದಲೆಳೆ ಬೇಗ ಹತ್ತಿದರೂ ಒಳಗಿನ ಬೆಂಕಿ ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯತೊಡಗುತ್ತದೆ. ಆ ಸದ್ದಿಗೆ ಗ್ಯಾರೇಜಿನವರು ನಾಕ್ ಎನ್ನುತ್ತಾರೆ. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿರುತ್ತದೆ. ಗಂಡ ಕಿಡಿಯ ಟೈಮಿಂಗನ್ನು ದಿನಕ್ಕಿಷ್ಟು ಮುಂದಕ್ಕೆ ತಳ್ಳುತ್ತಾ ಹೋಗಿದ್ದ. ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಪಿಸ್ಟನ್ ಒಡೆದು ಗಾಡಿ ನಿಂತುಹೋಯಿತು. ಬಾನೆಟ್ ಎತ್ತಿ ನೋಡಿದವನು, ಬರುವ ಯಾವುದಾದರೂ ಗಾಡಿಯನ್ನು ನಿಲ್ಲಿಸೋಣವೆಂದು ರಸ್ತೆಯ ಕಡೆಗೆ ಒಂದು ಹೆಜ್ಜೆ ಇಟ್ಟಿರಬೇಕು. ಅವನ ಮೇಲೆ ಹರಿದ ಲಾರಿಯ ಡ್ರೈವರ್ ತಾನು ಏನನ್ನೂ ನೋಡಲೇ ಇಲ್ಲ ಎಂದ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅದನ್ನು ಎಳೆದು ತಂದು ಗ್ಯಾರೇಜಿನ ಹಿಂದಿನ ಮೂಲೆಗೆ ತಳ್ಳಿ, ಮೇಲೆ ತಾಡಪಾಲು ಹೊದಿಸಿದರು. ವರ್ಷಗಳೇ ಕಳೆದವು. ಅವಳು ಅತ್ತ ನೋಡದೆ ಕೆಲಸ ಮಾಡುವುದನ್ನು ಕಲಿತಳು. ಆದರೆ ಕಲ್ಲಾಡುವ ಆ ಸದ್ದು ತಾಡಪಾಲಿನ ಕೆಳಗೆ ಸುಮ್ಮನೆ ಕೂರಲಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಕುದಿಗೆ ಅದುರಿದರೆ ಅದೇ ಸದ್ದು. ಗಾಳಿಗೆ ಕಿಟಕಿಯ ಚಿಲಕ ಅಲ್ಲಾಡಿದರೆ ಅದೇ. ಗಿರಾಕಿಯೊಬ್ಬ ಮಾತಾಡುತ್ತಾ ಜೇಬಿನ ಚಿಲ್ಲರೆ ಕುಲುಕಿದರೆ ಅವಳ ಕೈಯಲ್ಲಿದ್ದ ಇಕ್ಕಳ ತಾನಾಗಿ ನಿಂತುಬಿಡುತ್ತಿತ್ತು. ಗಂಡ ಕೆಲಸದ ಮೇಜಿನ ಮುಂದೆ ಕಾಲು ಅಗಲಿಸಿ ನಿಲ್ಲುತ್ತಿದ್ದ ಜಾಗವನ್ನು ಇವತ್ತಿಗೂ ಅವಳು ಬಳಸಿಕೊಂಡೇ ಹೋಗುತ್ತಿದ್ದಳು, ಭಾರ ಹೊತ್ತಿರುವಾಗಲೂ. ಅಲ್ಲಿ ಯಾರಿಗೋ ಡಿಕ್ಕಿ ಹೊಡೆದೇನೆಂಬ ಅಳುಕು. ನೋಡಿದವರು ನೆಲ ಜಾರುತ್ತಿರಬೇಕು ಎಂದುಕೊಳ್ಳುತ್ತಿದ್ದರು.

ಮಗಳು ಬೆಳೆದು ಅಪ್ಪನ ಕಸುಬನ್ನೇ ಹಿಡಿದಳು. ಹೆದ್ದಾರಿಯಾಚೆಯ ಊರಿನ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು ಸಾಕಾಗಿ, ಒಂದು ಭಾನುವಾರ ತಾಡಪಾಲನ್ನು ಎಳೆದು ಹಾಕಿದಳು.

"ಅಪ್ಪನ ಗಾಡೀಲೇ ಹೋಗ್ತೀನಿ. ಇಂಜಿನ್ ನಾನು ನೋಡ್ಕೋತೀನಿ. ವೈರಿಂಗ್ ಪೂರ್ತಿ ಇಲಿ ಕಡ್ದಿದೆ. ಅದು ನಿನ್ನ ಪಾಲು."

ತಾಯಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬಾಯಿಂದ ಹೇಳುವುದರ ಮೇಲಿನ ನಂಬಿಕೆ ಅವಳಿಗೆ ಎಂದೋ ಹೋಗಿತ್ತು. ಲೇತ್ ಮಾವ ಸಿಲಿಂಡರ್ ಕೊರೆದುಕೊಟ್ಟ. ಮಗಳು ಹೊಸ ಪಿಸ್ಟನ್ ಕೂರಿಸಿದಳು. ತಾಯಿ ಒಂದೊಂದೇ ವೈರು ಎಳೆದು, ಬಣ್ಣ ನೋಡಿ, ನೂಲು ಸುತ್ತಿ ಕಟ್ಟುತ್ತಾ ಬಂದಳು. ಇಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆಯೆಂದು ಕಂಪ್ಯೂಟರಿಗೆ ಹೇಳುವ ಸೆನ್ಸರಿನ ವೈರು ಕೈಗೆ ಬಂದಾಗ ಕೈ ತಡೆಯಿತು. ಗಾಳಿ ಬಿಸಿಯಿದ್ದರೆ ಕಂಪ್ಯೂಟರ್ ಹೆದರುತ್ತದೆ. ನಾಕ್ ಬಂದೀತೆಂದು ಕಿಡಿಯನ್ನು ಹಿಂದಕ್ಕೆಳೆದು, ಟರ್ಬೊದ ಒತ್ತಡವಾದ ಬೂಸ್ಟನ್ನೂ ಇಳಿಸಿ, ಇಂಜಿನ್ನನ್ನು ಕಾಪಾಡಿಕೊಳ್ಳುತ್ತದೆ. ಆ ವೈರಿಗೆ ಅಡ್ಡಲಾಗಿ ಒಂದು ಸಣ್ಣ ರೆಸಿಸ್ಟರ್ ಬೆಸೆದರೆ ಸಾಕು, ತಣ್ಣನೆ ಗಾಳಿಯೂ ಅದಕ್ಕೆ ಬೆಂಕಿಯ ಹಾಗೆ ಕಾಣುತ್ತದೆ.

ಬೆಸೆದಳು. ಟೇಪು ಸುತ್ತಿ, ನೂಲು ಬಿಗಿದು, ಕಟ್ಟಿನೊಳಗೆ ಮಲಗಿಸಿದಳು. ಅವತ್ತು ಸಂಜೆ ಮುಚ್ಚಳ ಅದುರಿದರೂ ಒಲೆ ಆರಿಸಲು ಓಡಲಿಲ್ಲ.

ಅಲ್ಲಿಂದ ಶುರುವಾಯಿತು ಮಗಳ ಹುಡುಕಾಟ. ಪ್ಲಗ್ ಬದಲಾಯಿಸಿದಳು. ಕಾಯಿಲ್ ಬದಲಾಯಿಸಿದಳು. ಟರ್ಬೊವನ್ನೇ ಬಿಚ್ಚಿ ಅದರ ರೆಕ್ಕೆಗಳನ್ನು ಬೆರಳಿನಿಂದ ತಿರುಗಿಸಿ ನೋಡಿ ಮತ್ತೆ ಜೋಡಿಸಿದಳು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಗಾಳಿಯ ಬಿಸಿ ಏರಿರುವುದು ಕಂಡಿತು. ಸೆನ್ಸರ್ ಕೆಟ್ಟಿರಬೇಕೆಂದು ಹೊಸದು ಹಾಕಿದಳು. ಹೊಸದೂ ಅದನ್ನೇ ಹೇಳಿತು. ಹಾಗಾದರೆ ಗಾಳಿ ನಿಜವಾಗಿ ಬಿಸಿಯೇ ಇರಬೇಕೆಂದು ಆ ಗಾಳಿಯನ್ನು ತಣಿಸುವ ದೊಡ್ಡದೊಂದು ಇಂಟರ್‌ಕೂಲರ್ ಹುಡುಕಿ ತಂದು, ಅದನ್ನು ತೂರಿಸಲು ಮುಂದಿನ ಬಂಪರನ್ನೇ ಕತ್ತರಿಸಿದಳು. ಗಾಡಿಯ ಮುಖ ಹಲ್ಲು ಬಿದ್ದವರ ಬಾಯಿಯಂತಾಯಿತು.

"ಇಷ್ಟು ದೊಡ್ಡ ಕೂಲರ್ ಹಾಕಿದ್ಮೇಲೆ ಅದ್ರೊಳ್ಗೆ ನೀರು ಇಟ್ರೆ ಮಂಜುಗಡ್ಡೆ ಆಗ್ಬೇಕು" ಎಂದ ಲೇತ್ ಮಾವ. "ಆದ್ರೂ ಎಳೀತಿಲ್ಲ ಅಂದ್ರೆ ಗಾಡಿಗೇ ಮನಸಿಲ್ಲ ಕಣಮ್ಮಾ."

"ಗಾಡಿಗೆ ಮನಸಿರಲ್ಲ ಮಾವ."

"ನಿಮ್ಮಪ್ಪನೂ ಹಾಗೇ ಅಂತಿದ್ದ" ಎಂದವನು ನಾಲಿಗೆ ಕಚ್ಚಿಕೊಂಡು ತನ್ನ ಲೇತಿನ ಕಡೆಗೆ ನಡೆದ.

ಮಗಳು ಇನ್ನು ಒಂದೇ ಒಂದು ಸಲ, ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಗೆ ಸ್ಕ್ಯಾನರ್ ಹಾಕಿ ನೋಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಇಂಜಿನ್ ನೀರು ತಣ್ಣಗೆ, ಹೊರಗಿನ ಗಾಳಿ ತಣ್ಣಗೆ, ಸೆನ್ಸರ್ ಮಾತ್ರ ಕುದಿಯುತ್ತಿದೆ ಎಂದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ಅದಕ್ಕೇ ಭಾನುವಾರ ಬೆಳಿಗ್ಗೆ ಮಗಳು ಹಾಸಿಗೆ ಬಿಡುವ ಮೊದಲೇ ತಾಯಿ ಕೆಳಗಿಳಿದು ಗಾಡಿ ಸ್ಟಾರ್ಟ್ ಮಾಡುತ್ತಿದ್ದಳು. ಬ್ಯಾಟರಿ ಇಳಿಯದಿರಲಿ ಅಂತ ಎನ್ನುತ್ತಿದ್ದಳು. ಮಗಳು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಬಾನೆಟ್ಟಿನೊಳಗೆಲ್ಲ ಬಿಸಿಯೋ ಬಿಸಿ.

"ನೋಡು, ನಿಮ್ಮಮ್ಮಂಗೂ ಈ ಗಾಡಿ ಮೇಲೆ ಪ್ರೀತಿ ಬಂದ್ಬಿಟ್ಟಿದೆ" ಎನ್ನುತ್ತಿದ್ದ ಲೇತ್ ಮಾವ.

ಸೋಪಿನ ನೀರಿನ ಪರೀಕ್ಷೆಯಾದ ಮುಂದಿನ ವಾರ ಮಗಳು, "ನಡಿ, ರಸ್ತೆಗೆ ತಗೊಂಡ್ ಹೋಗಿ ಬರೋಣ. ನೀನು ಸ್ಕ್ಯಾನರ್ ಹಿಡ್ಕೊಂಡು ಕೂತ್ಕೋ, ನಾನು ಒತ್ತಿದಾಗ ಬೂಸ್ಟ್ ಎಷ್ಟಕ್ಕೆ ಹೋಗುತ್ತೆ ಹೇಳ್ತಿರು" ಎಂದಳು. ತಾಯಿ ಆ ಸೀಟಿನಲ್ಲಿ ಗಂಡ ಹೋದ ಮೇಲೆ ಕೂತಿರಲಿಲ್ಲ. ಕೂತಳು. ಬೆಲ್ಟನ್ನು ಎರಡು ಸಲ ಎಳೆದು ನೋಡಿದಳು.

ಹೆದ್ದಾರಿಯಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮುಂದೊಂದು ಲಾರಿ ಕಬ್ಬಿಣದ ಸರಳು ತುಂಬಿಕೊಂಡು ತೆವಳುತ್ತಿತ್ತು. ಸರಳುಗಳು ಲಾರಿಯ ಹಿಂದಕ್ಕೆ ಮಾರುದ್ದ ಚಾಚಿ, ಪ್ರತಿ ಕುಲುಕಿಗೂ ತಲೆಯಾಡಿಸುತ್ತಿದ್ದವು. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಎದುರಿನ ರಸ್ತೆ ಖಾಲಿ ಕಂಡಿತು. ಮಗಳು ಗೇರ್ ಇಳಿಸಿ, ಸ್ಟೇರಿಂಗ್ ತಿರುಗಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದಳು.

ಗಾಡಿ ಹೂಂ ಎಂದಿತು. ಟರ್ಬೊ ಸಿಳ್ಳೆ ಹಾಕಿತು. ಲಾರಿಯ ಹಿಂದಿನ ಚಕ್ರ, ನಡುವಿನ ಚಕ್ರ. ಅಷ್ಟರಲ್ಲಿ ಉಬ್ಬಿನ ಆಚೆಯಿಂದ ಬಸ್ಸೊಂದು ತಲೆಯೆತ್ತಿತು. ಬೇರೆ ಗಾಡಿಯಾಗಿದ್ದರೆ, ಇದೇ ಗಾಡಿ ತನ್ನ ಮನಸ್ಸಿನಂತೆ ಓಡುವುದಾಗಿದ್ದರೆ, ಅಷ್ಟು ಜಾಗ ಧಾರಾಳವಾಗಿ ಸಾಕಿತ್ತು. ಗಾಡಿ ಎಳೆಯಲಿಲ್ಲ. ಲಾರಿಯ ಪಕ್ಕದಲ್ಲೇ ತೂಗುತ್ತಾ ಉಳಿಯಿತು. ಬಸ್ಸಿನ ಹಾರನ್ ಒಂದೇ ಸಮನೆ ಕಿರುಚತೊಡಗಿತು.

"ಎಷ್ಟಮ್ಮಾ? ಬೂಸ್ಟ್ ಎಷ್ಟು?"

ತಾಯಿಯ ಕಣ್ಣಿಗೆ ಸ್ಕ್ಯಾನರ್ ಕಾಣಲಿಲ್ಲ. ಮಗಳು ಬ್ರೇಕನ್ನು ಬಲವಾಗಿ ತುಳಿದು, ಲಾರಿಯ ಹಿಂದಕ್ಕೆ ಗಾಡಿಯನ್ನು ಎಳೆದುಕೊಂಡಳು. ಬಸ್ಸು ಕನ್ನಡಿಯನ್ನು ಸವರಿಕೊಂಡಂತೆ ಹಾದುಹೋಯಿತು. ತಾಯಿಯ ಮುಖದ ನೇರಕ್ಕೆ, ಮುಂದಿನ ಗಾಜಿನ ಆಚೆ, ಒಂದು ಗೇಣು ದೂರದಲ್ಲಿ ಕೆಂಪು ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರೊಳಗಿನ ಸರಳಿನ ತುದಿಯ ತುಕ್ಕು ಕೂಡ ಕಂಡಿತು.

ಮಗಳು ವೇಗ ಇಳಿಸಿ ಲಾರಿಯನ್ನು ದೂರವಾಗಲು ಬಿಟ್ಟಳು.

"ನಂದೇ ತಪ್ಪು" ಎಂದಳು ಮಗಳು ಕೊನೆಗೆ. "ಎಳೆಯಲ್ಲ ಅಂತ ಗೊತ್ತಿದ್ದೂ ನುಗ್ಗಿದೆ."

ಮನೆಗೆ ಬಂದು ಗಾಡಿ ಒಳಗಿಟ್ಟು, ಮಗಳು ಕೈ ತೊಳೆಯುತ್ತಾ ತುಂಬಾ ಹೊತ್ತು ನಲ್ಲಿಯ ಮುಂದೆ ನಿಂತಳು. ಸೋಪು ಕರಗುತ್ತಿತ್ತು, ಎಣ್ಣೆ ಹೋಗಿ ಆಗಿತ್ತು, ಆದರೂ ಉಜ್ಜುತ್ತಲೇ ಇದ್ದಳು.

"ಮಾರ್ಬಿಡೋಣ ಅಮ್ಮ. ಗುಜರಿಗಾದ್ರೂ ಸರಿ."

ತಾಯಿಯ ಎದೆಯೊಳಗೆ ಏನೋ ಸಡಿಲವಾಯಿತು. ಇಷ್ಟೇ ಬೇಕಾಗಿದ್ದದ್ದು ಅವಳಿಗೆ. ಹೂಂ ಅಂದರೆ ಮುಗಿಯಿತು. ನಾಳೆಯೇ ಯಾರಾದರೂ ಬಂದು ಎಳೆದುಕೊಂಡು ಹೋಗುತ್ತಾರೆ, ಅಕ್ಕಿಕಾಳಿನಷ್ಟಿರುವ ಆ ಗುಟ್ಟೂ ಅದರ ಜೊತೆಗೇ ಹೋಗುತ್ತದೆ. ಮೂಲೆ ಖಾಲಿಯಾಗುತ್ತದೆ.

"ಯಾಕ್ ಮಗಾ?" ಎಂದಳು, ಕೇಳಬೇಕಾದ ಮಾತೆಂದು.

"ಅಪ್ಪ ಮಾಡಿದ್ದು ನಂಗೆ ಅರ್ಥಾನೇ ಆಗ್ತಿಲ್ಲ. ವರ್ಕ್‌ಶಾಪಲ್ಲಿ ಎಲ್ಲರ ಗಾಡೀನೂ ರಿಪೇರಿ ಮಾಡ್ತೀನಿ, ಇದೊಂದು ಕೈಗ್ ಹತ್ತಲ್ಲ. ಅಪ್ಪನ ಕೈ ನಂಗ್ ಬಂದಿಲ್ಲ ಅಮ್ಮ. ಸುಮ್ನೆ ಬಂದಿದೆ ಅಂದ್ಕೊಂಡಿದ್ದೆ." ಅಳಲಿಲ್ಲ. ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿ, ಟವೆಲ್ಲಿಗೆ ಕೈ ಒರೆಸಿಕೊಂಡು ಮೇಲಕ್ಕೆ ಹೋದಳು.

ತಾಯಿ ಹೂಂ ಎನ್ನಲಿಲ್ಲ. ಗ್ಯಾರೇಜಿನಲ್ಲೇ ನಿಂತಳು. ಸಂಜೆಯ ಬೆಳಕು ಕತ್ತರಿಸಿದ ಬಂಪರಿನ ಮೇಲೆ ಬಿದ್ದಿತ್ತು. ಮಗಳು ಅದನ್ನು ಅಳೆದು, ಪೆನ್ಸಿಲ್ಲಿನಲ್ಲಿ ಗೀಟು ಹಾಕಿ, ಅರದಿಂದ ಅಂಚು ನಯ ಮಾಡಿದ್ದಳು, ಯಾರ ಕೈಗೂ ತರಚದಿರಲೆಂದು. ಇಲ್ಲದ ರೋಗಕ್ಕೆ ಮಾಡಿದ ಮದ್ದು. ಅವಳು ಆ ಅಂಚಿನ ಮೇಲೆ ಬೆರಳಾಡಿಸಿದಳು. ಒಳಗೆ ಒಲೆಯ ಮೇಲೆ ಮುಚ್ಚಳ ಅದುರುತ್ತಿತ್ತು. ಅವಳು ಅದನ್ನು ಅದುರಲು ಬಿಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಕೆಲಸಕ್ಕೆ ಹೊರಟು ಮೆಟ್ಟಿಲಿಳಿದು ಬಂದ ಮಗಳಿಗೆ, "ಸ್ಕ್ಯಾನರ್ ಹಾಕು" ಎಂದಳು.

"ಬಸ್ ತಪ್ಪುತ್ತಮ್ಮ."

"ತಪ್ಲಿ. ಇಂಜಿನ್ ಸ್ಟಾರ್ಟ್ ಮಾಡ್ಬೇಡ. ಬರೀ ಕೀ ತಿರುಗಿಸು."

ಮಗಳು ತಾಯಿಯ ಮುಖ ನೋಡಿದಳು. ಚೀಲ ಇಳಿಸಿ, ಒಳಗೆ ಕೂತು, ಸ್ಕ್ಯಾನರಿನ ಪಿನ್ನು ಚುಚ್ಚಿ ಕೀ ತಿರುಗಿಸಿದಳು. ಬೆಳಿಗ್ಗೆಯ ಚಳಿಗೆ ಮುಂದಿನ ಗಾಜು ಮಬ್ಬಾಗಿತ್ತು. ಇಂಜಿನ್ ನೀರು ಹದಿನೆಂಟು ಡಿಗ್ರಿ. ಒಳಹೋಗುವ ಗಾಳಿ ಐವತ್ತಾರು.

ಅವಳು ಅದನ್ನು ಸುಮಾರು ಹೊತ್ತು ನೋಡುತ್ತಾ ಕೂತಳು. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಬಿಚ್ಚಿ, ಹಣೆಗೆ ಲೈಟು ಕಟ್ಟಿಕೊಂಡು, ಬೆನ್ನ ಮೇಲೆ ಮಲಗಿ ಒಳಗೆ ತೂರಿದಳು. ಸೆನ್ಸರಿನ ವೈರಿನ ಬಣ್ಣ ಹಿಡಿದು ಬೆರಳು ಜಾರಿಸುತ್ತಾ ಹೋಗಿರಬೇಕು. ತಾಯಿಗೆ ಹೊರಗೆ ಚಾಚಿದ ಕಾಲುಗಳಷ್ಟೇ ಕಾಣುತ್ತಿದ್ದವು. ಆ ಕಾಲು ಒಮ್ಮೆಲೇ ಅಲುಗಾಡದೆ ನಿಂತಿತು.

"ಈ ನೂಲಿನ ಗಂಟು ನಿಂದು" ಎಂದು ಒಳಗಿನಿಂದ ದನಿ ಬಂತು.

"ಹೂಂ."

"ವೈರಿಂಗ್ ಮಾಡಿದ ದಿನಾನೇ?"

"ಹೂಂ."

ಮಗಳು ಹೊರಗೆ ಬಂದು ನೆಲದ ಮೇಲೇ ಕೂತಳು. ಕೂದಲಲ್ಲಿ ಧೂಳು, ಹಣೆಯ ಲೈಟು ಇನ್ನೂ ಉರಿಯುತ್ತಿತ್ತು. ಅದರ ಬೆಳಕು ತಾಯಿಯ ಕಣ್ಣಿಗೇ ಹೊಡೆಯುತ್ತಿತ್ತು, ಆದರೂ ಅವಳು ಮುಖ ತಿರುಗಿಸಲಿಲ್ಲ.

"ಇಷ್ಟು ದಿನ ನನ್ನ ಪಕ್ಕ ನಿಂತ್ಕೊಂಡು ಟಾರ್ಚ್ ಹಿಡಿದ್ಯಲ್ಲಮ್ಮ. ನಾನು ಬಂಪರ್ ಕುಯ್ತಿದ್ರೆ ಇನ್ನೊಂದು ತುದಿ ಹಿಡ್ಕೊಂಡಿದ್ದೆ. ನಿಂಗೆ ಒಂದು ಸಲಾನೂ ಅನ್ನಿಸ್ಲಿಲ್ವಾ? ಬಾಯಿ ಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ, ಬೇಡ ಕಣೇ, ಹೆದ್ರಿಕೆ ಆಗುತ್ತೆ ಅಂತ?"

"ಬಾಯಿ ಬಿಟ್ಟು ಹೇಳಿದ್ದೆ" ಎಂದಳು ತಾಯಿ. "ನಿಮ್ಮಪ್ಪಂಗೆ. ಅವತ್ತು ಬೆಳಿಗ್ಗೆ ಇಲ್ಲೇ, ಈ ಗೇಟಿನ ಹತ್ರ. ಒಳಗೆ ಕಲ್ಲಾಡ್ತಿದೆ ಕಣ್ರೀ, ಟೈಮಿಂಗ್ ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಂದೆ. ನಕ್ಕ್‌ಬಿಟ್ರು. ನಲ್ಲಿ ಹನಿ ಬಿದ್ರೂ ನಿನ್ನ ಕಿವಿಗೆ ನಾಕೇ ಕೇಳುತ್ತೆ ಅಂದ್ರು. ಕಂಪ್ಯೂಟರಲ್ಲಿ ಏನೂ ತೋರಿಸ್ತಿಲ್ಲ, ನಿನ್ನ ಕಿವಿ ದೊಡ್ಡದಾ ಅಂದ್ರು. ಹಾಗೇ ನಗ್ತಾ ಗೇಟ್ ದಾಟಿದ್ರು."

ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಲೇತಿನವನಿಗೂ ಇಲ್ಲ.

ಮಗಳು ಎದ್ದು ಹಣೆಯ ಲೈಟು ಆರಿಸಿ, ಹೊರಗೆ ಹೋದಳು. ಲೇತ್ ಮಾವನ ಅಂಗಡಿಯ ಬೆಂಚಿನ ಮೇಲೆ ಅವಳು ಕೂತಿದ್ದು ಗೋಡೆಯ ಸಂದಿನಿಂದ ಕಾಣುತ್ತಿತ್ತು. ಮಾವ ಚಹಾ ತರಿಸಿಕೊಟ್ಟ. ಅದು ಆರಿ ಕೆನೆಗಟ್ಟಿತು. ಲೇತ್ ತಿರುಗುತ್ತಿತ್ತು, ಕಬ್ಬಿಣದ ಸುರುಳಿಗಳು ಅವಳ ಕಾಲ ಬಳಿ ಬಂದು ಬೀಳುತ್ತಿದ್ದವು. ತಾಯಿ ಅವತ್ತಿನ ಗಿರಾಕಿಯ ಹೆಡ್‌ಲೈಟು ಬಿಚ್ಚಿಟ್ಟುಕೊಂಡು, ಯಾವ ವೈರು ಯಾವುದೆಂದು ಮೂರು ಸಲ ಮರೆತಳು.

ಮಧ್ಯಾಹ್ನ ಮಗಳು ವಾಪಸು ಬಂದಳು. ತಾಯಿಯ ಡಬ್ಬಿಯಿಂದ ಕಟರ್ ತೆಗೆದುಕೊಂಡು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದಳು. ಟಕ್ ಎಂಬ ಸದ್ದು. ಆಮೇಲೆ ಲ್ಯಾಪ್‌ಟಾಪ್ ತೆರೆದು ಚಾಲಕನ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಳು.

"ಹತ್ತು."

"ಎಲ್ಲಿಗೆ?"

"ರಸ್ತೆಗೆ. ಟೈಮಿಂಗ್ ಹೊಸದಾಗಿ ಕೂರಿಸ್ಬೇಕು. ನಂಗೆ ಇನ್ನೂ ಸಿಟ್ಟಿದೆ, ಹೋಗಿಲ್ಲ" ಎಂದಳು, ಮುಂದೆ ನೋಡುತ್ತಲೇ. "ಆದ್ರೆ ನಂಗೆ ನಿನ್ನ ಕಿವಿ ಬೇಕು."

ಹೆದ್ದಾರಿಯಿಂದ ಕವಲೊಡೆದು ಹಳೆಯ ಕಲ್ಲು ಕ್ವಾರಿಗೆ ಹೋಗುವ ಏರುರಸ್ತೆಯಲ್ಲಿ ಗಾಡಿಗಳ ಓಡಾಟವಿರಲಿಲ್ಲ. ಮಗಳು ಅಲ್ಲಿ ಮೇಲಕ್ಕೂ ಕೆಳಕ್ಕೂ ಓಡಿಸಿದಳು. ಪ್ರತಿ ಏರಿಗೂ ಕಿಡಿಯನ್ನು ಇಷ್ಟಿಷ್ಟೇ ಮುಂದಕ್ಕೆ ತಂದಳು. ತಾಯಿ ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಗಾಡಿ ಈಗ ಎಳೆಯುತ್ತಿತ್ತು. ಸೀಟು ಬೆನ್ನನ್ನು ಒತ್ತುವಷ್ಟು ಎಳೆಯುತ್ತಿತ್ತು. ಆ ಒತ್ತು ಅವಳ ಬೆನ್ನಿಗೆ ಗುರುತಿತ್ತು. ಒಂದು ಗಳಿಗೆ ಪಕ್ಕದಲ್ಲಿ ಗೇರ್ ಬದಲಿಸಿದ ಕೈ ಯಾರದೆಂದು ತಿಳಿಯಲಿಲ್ಲ. ಕಣ್ಣು ಬಿಡಲು ಭಯವಾಯಿತು.

ಇನ್ನೊಂದು ಏರು. ಟರ್ಬೊದ ಸಿಳ್ಳೆ, ಟೈರಿನ ಸದ್ದು, ಗಾಳಿ. ಅವುಗಳ ನಡುವೆ, ಎಲ್ಲೋ ಆಳದಲ್ಲಿ, ಸಣ್ಣ ಕಲ್ಲುಗಳು.

"ಬಂತು" ಎಂದಳು.

ಮಗಳು ತಕ್ಷಣ ಕಾಲು ತೆಗೆದಳು. ಗಾಡಿಯನ್ನು ಪಕ್ಕಕ್ಕೆ, ರಸ್ತೆಯಿಂದ ಚೆನ್ನಾಗಿ ಒಳಗೆ, ಕ್ವಾರಿಯ ಮಟ್ಟಸ ಜಾಗಕ್ಕೆ ತಂದು ನಿಲ್ಲಿಸಿ ಲ್ಯಾಪ್‌ಟಾಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದಳು. ನಾಕ್ ಸೆನ್ಸರಿನ ಗೆರೆ ನೇರವಾಗಿತ್ತು. ಎಲ್ಲೂ ಒಂದು ಮುಳ್ಳೂ ಎದ್ದಿರಲಿಲ್ಲ. ತಾಯಿಯೂ ಬಗ್ಗಿ ನೋಡಿದಳು.

"ಅದ್ರಲ್ಲಿ ಏನೂ ಇಲ್ಲ" ಎಂದಳು ತಾಯಿ ಮೆಲ್ಲಗೆ. "ನಂಗೆ ಮನೇಲೂ ಕೇಳ್ಸುತ್ತೆ ಮಗಾ. ಪಾತ್ರೆ ಮುಚ್ಚಳದಲ್ಲೂ ಕೇಳ್ಸುತ್ತೆ. ಇದು ಇಂಜಿನ್ನಲ್ಲಿ ಬಂತೋ, ನನ್ನ ತಲೇಲಿ ಬಂತೋ, ನಂಗ್ ಗೊತ್ತಿಲ್ಲ."

ಮಗಳು ಗೆರೆಯನ್ನು ನೋಡಿದಳು. ಆಮೇಲೆ ಬೆರಳಿನಿಂದ ಕೀಲಿ ಒತ್ತಿ ಟೈಮಿಂಗನ್ನು ಎರಡು ಡಿಗ್ರಿ ಹಿಂದಕ್ಕೆ ತೆಗೆದಳು. ಅದನ್ನೇ ಉಳಿಸಿದಳು. ಲ್ಯಾಪ್‌ಟಾಪ್ ಮುಚ್ಚಿ ಹಿಂದಿನ ಸೀಟಿಗೆ ಹಾಕಿದಳು.

ತಾಯಿ ಬಾಗಿಲು ತೆಗೆಯಲು ಕೈ ಹಾಕಿದಳು. "ಇರಮ್ಮ, ಇಳೀಬೇಡ. ಟರ್ಬೊ ಕೆಂಪಗೆ ಕಾದಿರುತ್ತೆ, ತಕ್ಷಣ ಇಂಜಿನ್ ಆರಿಸ್ಬಾರ್ದು. ಸ್ವಲ್ಪ ಹೊತ್ತು ಹೀಗೇ ಓಡ್ತಿರ್ಲಿ" ಎಂದಳು ಮಗಳು.

ಇಬ್ಬರೂ ಕೂತರು. ಇಂಜಿನ್ ಸಣ್ಣಗೆ ಉಸಿರಾಡುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು, ಅದರ ಹಿಂದೆ ಇನ್ನೊಂದು. ಇಳಿಬಿಸಿಲು ಬಾನೆಟ್ಟಿನ ಮೇಲೆ ಹರಡಿತ್ತು. ಅದರ ಬಿಸಿಗೆ ಎದುರಿನ ಕಲ್ಲುಗೋಡೆ ನೀರಿನಲ್ಲಿ ಕಂಡಂತೆ ಅಲೆಯಾಡುತ್ತಿತ್ತು. ನೋಡನೋಡುತ್ತಾ ಅಲೆ ಸಣ್ಣದಾಯಿತು. ಗೋಡೆ ತನ್ನ ಜಾಗದಲ್ಲಿ ನಿಂತಿತು.

"ಈಗ ಆರಿಸ್ಲಾ?" ಎಂದಳು ಮಗಳು.

"ಇನ್ನೊಂದ್ ಸ್ವಲ್ಪ ಇರ್ಲಿ" ಎಂದಳು ತಾಯಿ.